ಕೊಟ್ಟೂರಿನ ಬೌಲರ್ ಹರಪನಹಳ್ಳಿಗೆ ಹೋದದ್ದು

ಕೊಟ್ಟೂರಿನ ಬಸ್ ನಿಲ್ದಾಣದ ಎದುರಿಗಿದ್ದ ಮಿರ್ಚಿ ಅಂಗಡಿಯಲ್ಲಿ ಒಂದು ಇಡೀ ಬೇಸಿಗೆ ಒಬ್ಬ ಹುಡುಗನ ಭುಜದ ಬಗ್ಗೆ ಚರ್ಚೆ ನಡೆಯಿತು. ಆ ಭುಜ ನನ್ನ ತಮ್ಮನದು. ಅದಕ್ಕೆ ಏನಾಗಿದೆ ಎಂದು ಹೇಳುವವರು ಬಹಳ ಜನ ಇದ್ದರು. ಏನೂ ಆಗಿಲ್ಲ ಎಂದು ಗೊತ್ತಿದ್ದವನು ನಾನು. ಕಳೆದ ಕೆಲವು ವರ್ಷಗಳಿಂದ ಆ ಬೇಸಿಗೆಯನ್ನು ನಾನು ಮತ್ತೆ ಮತ್ತೆ ನೆನಪಿಸಿಕೊಳ್ಳುತ್ತೇನೆ. ಮೊದಲಿಗೆ ನೆನಪಾಗುವುದು ನಾನು ಮಾಡಿದ ತಪ್ಪು ಅಲ್ಲ, ಆ ಜನ. ತಮ್ಮ ಸ್ವಂತ ಮೊಣಕಾಲು ನೋವನ್ನು ವರ್ಷಗಟ್ಟಲೆ ಯಾರಿಗೂ ತೋರಿಸದ ಮನುಷ್ಯರು ಇನ್ನೊಬ್ಬನ ಭುಜದ ಬಗ್ಗೆ ಅಷ್ಟು ತಲೆ ಕೆಡಿಸಿಕೊಂಡದ್ದು ಯಾಕೆ ಎಂದು ನನಗೆ ಇವತ್ತಿಗೂ ಕುತೂಹಲ.

ನಮ್ಮದು ಉಜ್ಜಿನಿ ರಸ್ತೆಯ ಒಂದು ಹಳ್ಳಿ. ಮನೆತನದ ಕಸುಬು ಕುರಿ. ಅಪ್ಪನ ಕಾಲು ಸೋತಾಗ ಕುರಿಯ ಹಿಂದೆ ಒಬ್ಬರು ಹೋಗಲೇಬೇಕಾಯಿತು. ದೊಡ್ಡವನು ನಾನಾದ್ದರಿಂದ ನಾಲ್ಕನೇ ಕ್ಲಾಸು ಬಿಟ್ಟು ನಾನು ಹೋದೆ, ತಮ್ಮ ಶಾಲೆಯಲ್ಲಿ ಉಳಿದ. ಇದನ್ನು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಹಾಗಾಗಿ ಯಾರ ಮೇಲೆ ಸಿಟ್ಟು ಮಾಡಬೇಕೆಂದು ನನಗೆ ತಿಳಿಯುತ್ತಿರಲಿಲ್ಲ. ಓದು ನನಗೆ ಮರೆಯದೆ ಉಳಿದದ್ದು ಮಿರ್ಚಿ ಕಟ್ಟಿಕೊಟ್ಟ ಪೇಪರಿನ ತುಂಡುಗಳಿಂದ. ಎಣ್ಣೆ ಹತ್ತಿದ ಪೇಪರಿನಲ್ಲಿ ಹಿಂದಿನ ಪುಟದ ಅಕ್ಷರವೂ ಕಾಣುತ್ತದೆ. ಎರಡೂ ಕೂಡಿಸಿ ಓದುವುದು ಕಷ್ಟ, ಆದರೆ ಗುಡ್ಡದ ಮೇಲೆ ಹೊತ್ತು ಹೋಗುತ್ತದೆ.

ಶಾಲೆಗೆ ರಜೆ ಬಿಟ್ಟಾಗ ತಮ್ಮನೂ ನನ್ನ ಸಂಗಡ ಕುರಿಗೆ ಬರುತ್ತಿದ್ದ. ಅವನಿಗೆ ಕಲ್ಲೆಸೆಯಲು ಕಲಿಸಿದವನು ನಾನೇ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಿಂಡು ಇನ್ನೊಬ್ಬರ ಹೊಲಕ್ಕೆ ಬಾಯಿ ಹಾಕುವ ಮೊದಲೇ ಮುಂದಿನ ಕುರಿಯನ್ನು ತಿರುಗಿಸಬೇಕು. ಓಡಿ ಹೋಗುವಷ್ಟು ಹೊತ್ತು ಇರುವುದಿಲ್ಲ. ಅದಕ್ಕೆ ಒಂದು ಸಣ್ಣ ಕಲ್ಲನ್ನು ಅದರ ಮೂಗಿನ ಮುಂದೆ ಬೀಳುವ ಹಾಗೆ ಎಸೆಯುತ್ತೇವೆ. ಕುರಿಗೆ ತಾಗಬಾರದು, ತಾಗಿದರೆ ಕಣ್ಣೋ ಕಾಲೋ ಹೋಗುತ್ತದೆ. ಆದ್ದರಿಂದ ಎಸೆಯುವ ಮುಂಚೆ ತುಟಿ ಮುಂದೆ ಮಾಡಿ "ಹುರ್ರ್" ಅನ್ನುತ್ತೇವೆ. ಆ ಸದ್ದಿಗೆ ಕುರಿ ಗಕ್ಕನೆ ನಿಂತು ತಲೆ ಎತ್ತುತ್ತದೆ, ಕಲ್ಲು ಎದುರಿಗೆ ಬೀಳುತ್ತದೆ, ಕುರಿ ತಿರುಗುತ್ತದೆ. ನಾಯಿಗೋ ತೋಳಕ್ಕೋ ಎಸೆಯುವಾಗ ಸದ್ದು ಮಾಡುವುದಿಲ್ಲ, ಅದು ತಾಗಲೇಬೇಕಾದ ಕಲ್ಲು. ಹೀಗೆ ಮೆತ್ತಗಿನ ಕಲ್ಲಿಗೆ ತುಟಿ ಮುಂದೆ ಬರುತ್ತದೆ, ಬಿರುಸಿನ ಕಲ್ಲಿಗೆ ಬರುವುದಿಲ್ಲ. ರೂಢಿಯಾದ ಮೇಲೆ ಕುರಿಗಾರನಿಗೆ ತನ್ನ ತುಟಿಯ ಮೇಲೆ ಗಮನವೇ ಇರುವುದಿಲ್ಲ.

ತಮ್ಮ ಕೊಟ್ಟೂರಿನಲ್ಲಿ ಕಾಲೇಜು ಸೇರಿ ಅಲ್ಲಿಯ ಟೀಮಿಗೆ ಟೆನಿಸ್ ಬಾಲ್ ಕ್ರಿಕೆಟ್ ಆಡತೊಡಗಿದ. ಸುತ್ತಲಿನ ಊರುಗಳಲ್ಲಿ ಸುಗ್ಗಿ ಮುಗಿದರೆ ಟೂರ್ನಮೆಂಟುಗಳ ಕಾಲ; ಹಡಗಲಿ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಎಲ್ಲ ಕಡೆಗೂ ಟೆಂಪೊ ಕಟ್ಟಿಕೊಂಡು ಹೋಗುತ್ತಿದ್ದರು. ಅವನ ಬಾಲು ಬಿರುಸು. ಆದರೆ ಜನ ಬಾಯಿ ಬಿಟ್ಟು ನೋಡುತ್ತಿದ್ದದ್ದು ಅವನ ಸ್ಲೋ ಬಾಲನ್ನು. ಅದೇ ಓಟ, ಅದೇ ಕೈ, ಬಾಲು ಮಾತ್ರ ಅರ್ಧ ದಾರಿಯಲ್ಲಿ ಯಾರನ್ನೋ ಮಾತಾಡಿಸಿಕೊಂಡು ಬಂದ ಹಾಗೆ ತಡವಾಗಿ ಬರುತ್ತಿತ್ತು. ಬ್ಯಾಟು ಬೀಸಿ ಮುಗಿದಿರುತ್ತಿತ್ತು, ಆಮೇಲೆ ಬಾಲು ಬಂದು ಸ್ಟಂಪಿಗೆ ತಾಗುತ್ತಿತ್ತು.

ನಾನು ಮೊದಲ ಸಲ ನೋಡಲು ಹೋದಾಗ ನನಗೆ ನಗು ತಡೆಯಲಾಗಲಿಲ್ಲ. ಸ್ಲೋ ಬಾಲ್ ಹಾಕುವ ಮುಂಚೆ ಅವನ ತುಟಿ ಮುಂದೆ ಬರುತ್ತಿತ್ತು. ಸದ್ದಿಲ್ಲ, ಬರೀ ತುಟಿ. ಅಷ್ಟು ಜನರ ಮುಂದೆ ನನ್ನ ತಮ್ಮ ಕುರಿ ತಿರುಗಿಸುತ್ತಿದ್ದ, ಅದು ಅವನಿಗೂ ಗೊತ್ತಿರಲಿಲ್ಲ.

ಹರಪನಹಳ್ಳಿಯ ಕುರಿ ವ್ಯಾಪಾರಿಯೊಬ್ಬರು ಸಂತೆಯ ದಿನ ಕೊಟ್ಟೂರಿಗೆ ಬರುತ್ತಿದ್ದರು. ಕುರಿ ಕೊಂಡು ಟೆಂಪೊಕ್ಕೆ ಏರಿಸಿದ ಮೇಲೆ ಮಿರ್ಚಿ ಅಂಗಡಿಯಲ್ಲಿ ಕೂರುವುದು, ತಮ್ಮೂರಿನ ಟೀಮಿನ ಪರವಾಗಿ ಜಗಳ ಮಾಡುವುದು ಅವರ ಚಟ. ಅಂಗಡಿಯ ಯಜಮಾನನನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಕಾಕಾ ಕೊಟ್ಟೂರು ಟೀಮಿನ ಅಭಿಮಾನಿ ಎಂದರೆ ಸಾಲದು. ಟೀಮು ಸೋತ ದಿನ ಅವನ ಮಿರ್ಚಿಯಲ್ಲಿ ಉಪ್ಪು ಹೆಚ್ಚಾಗಿರುತ್ತಿತ್ತು.

ಒಂದು ಸಂತೆಯ ದಿನ ನಾನೊಂದು ಟಗರು ಮಾರಿ ಅದೇ ಅಂಗಡಿಯಲ್ಲಿ ಮಂಡಕ್ಕಿ ತಿನ್ನುತ್ತಾ ಕೂತಿದ್ದೆ. ಕಾಕಾ ನನ್ನ ತಮ್ಮನನ್ನು ಹೊಗಳುತ್ತಿದ್ದ. ನಾನು ನಡುವೆ ಏನೋ ಹೇಳಲು ಹೋದೆ.

"ನೀನು ಸುಮ್ನಿರಪ್ಪ," ಎಂದರು ವ್ಯಾಪಾರಿ. "ನಿನ್ನ ತಮ್ಮ ಓದಿದೋನು, ಆಡ್ತಾನೆ. ಕುರಿ ಹಲ್ಲು ನೋಡೋದು ಬಿಟ್ರೆ ನಿನಗೇನು ಗೊತ್ತೈತೆ?"

ಕಾಕಾನೂ ನಕ್ಕ. ವ್ಯಾಪಾರಿ ನಕ್ಕದ್ದು ನನಗೆ ಅಷ್ಟು ತಾಗಲಿಲ್ಲ, ಕಾಕಾ ನಕ್ಕದ್ದು ತಾಗಿತು. ವ್ಯಾಪಾರಿ ಎದ್ದು ಟೆಂಪೊದ ಕಡೆ ಹೊರಟಾಗ ನಾನೂ ಹಿಂದೆ ಹೋದೆ.

"ಸಾವ್ಕಾರ್ರ, ಅವ ಯಾವ ಬಾಲ್ ಹಾಕ್ತಾನ ಅಂತ ಕೈ ಬಿಡಾಕಿಂತ ಮೊದ್ಲ ನಾ ಹೇಳ್ತೀನಿ."

"ಹೌದಾ? ಹೆಂಗೆ?"

ಹೇಳಿದೆ. ತುಟಿ ಹೇಗೆ ಬರುತ್ತದೆಂದು ಮಾಡಿಯೂ ತೋರಿಸಿದೆ. ಅವರು ಟೆಂಪೊದ ಬಾಗಿಲು ಹಿಡಿದವರು ಹಿಡಿದಂತೆಯೇ ನಿಂತು ಕೇಳಿದರು. ನಡುವೆ ಬಾಯಿ ಹಾಕಲಿಲ್ಲ, ನಗಲಿಲ್ಲ. ಅಷ್ಟು ಗಮನವಿಟ್ಟು ನನ್ನ ಮಾತನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಅವತ್ತು ಊರಿಗೆ ವಾಪಸು ಬರುವಾಗ ನಾನು ಖುಷಿಯಾಗಿದ್ದೆ. ಇದನ್ನೂ ಬರೆಯಬೇಕು, ಖುಷಿಯಾಗಿದ್ದೆ.

ಮುಂದಿನ ಸಲ ಹರಪನಹಳ್ಳಿಯ ಟೀಮು ಎದುರಾದಾಗ ಅವರ ಬ್ಯಾಟ್ಸ್‌ಮನ್ ತಮ್ಮನ ಕೈ ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದ. ತುಟಿ ಬಂತು. ಅವನು ಅವಸರ ಮಾಡದೆ ನಿಂತು, ಬಾಲು ಬರಲಿ ಎಂದು ಕಾದು, ಬೇವಿನ ಮರದ ಆಚೆಗೆ ಹೊಡೆದ. ಮತ್ತೆ ತುಟಿ ಬಂತು, ಮತ್ತೆ ಹೊಡೆದ. ತಮ್ಮ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡ. ಗೆರೆಯ ಆಚೆ ನಿಂತಿದ್ದ ವ್ಯಾಪಾರಿ ನನ್ನ ಕಡೆ ತಿರುಗಿ ಒಂದು ಬೆರಳನ್ನು ತುಟಿಯ ಮೇಲಿಟ್ಟರು. ಸುಮ್ಮನಿರು ಎಂದೋ, ನೀನು ಹೇಳಿದ್ದು ನಿಜವಾಯಿತು ಎಂದೋ ನನಗೆ ತಿಳಿಯಲಿಲ್ಲ.

ಮುಂದೆ ಒಂದಕ್ಕೊಂದು ಸೇರಿ ಕೆಟ್ಟಿತು. ಹರಪನಹಳ್ಳಿಯವರು ಗುಟ್ಟನ್ನು ಬೇರೆ ಊರಿಗೆ ಬಿಟ್ಟುಕೊಡಲಿಲ್ಲ. ಬಿಟ್ಟುಕೊಡಬೇಕಾಗಿಯೂ ಇರಲಿಲ್ಲ. ತಮ್ಮನಿಗೆ ತನ್ನ ಸ್ಲೋ ಬಾಲಿನ ಮೇಲೆ ಭಯ ಹುಟ್ಟಿತ್ತು. ಅದನ್ನು ಬಿಟ್ಟು ಬರೀ ಬಿರುಸಾಗಿ ಹಾಕತೊಡಗಿದ. ಬರೀ ಬಿರುಸು ಬರುತ್ತದೆಂದು ಗೊತ್ತಾದ ಮೇಲೆ ಹಡಗಲಿಯವರೂ ಹೊಡೆದರು, ಕೂಡ್ಲಿಗಿಯವರೂ ಹೊಡೆದರು. ಕೊಟ್ಟೂರು ಟೀಮಿನವರು ಅವನನ್ನು ಹೊರಗೆ ಕೂರಿಸಿದರು.

ಚರ್ಚೆ ಶುರುವಾದದ್ದು ಆಗ. ಕಾಕಾನ ಪ್ರಕಾರ ಸೈಕಲ್ ಬಿಟ್ಟು ಯಾರದೋ ಬೈಕಿನ ಹಿಂದೆ ಕೂತು ಓಡಾಡಿ ಅವನ ಕಾಲಿನ ಕಸುವು ಹೋಗಿತ್ತು. ಕಾಲಿನ ಕಸುವೇ ಭುಜಕ್ಕೆ ಬರುವುದು. ಎಳನೀರು ಮಾರುವವನೊಬ್ಬ ದೃಷ್ಟಿ ಆಗಿದೆ ಎಂದ. ಹಗರಿಬೊಮ್ಮನಹಳ್ಳಿ ಕಡೆಯ ಟೆಂಪೊ ಡ್ರೈವರನೊಬ್ಬ ಈ ವರ್ಷದ ಬಾಲುಗಳೇ ಹಗುರ ಎಂದು ಹೇಳಿ, ತೂಕ ತೋರಿಸಲು ಕಾಕಾನ ತಕ್ಕಡಿಯಲ್ಲಿ ಬಾಲು ಇಡಲು ಹೋಗಿ ಬೈಸಿಕೊಂಡ. ನಾನು ಎಲ್ಲವನ್ನೂ ಕೇಳುತ್ತಾ ಮಂಡಕ್ಕಿ ತಿನ್ನುತ್ತಿದ್ದೆ. ಸುಳ್ಳು ಕಾರಣಗಳು ಎಷ್ಟು ಚೆನ್ನಾಗಿ ಇದ್ದವು ಎಂದರೆ ಕೆಲವೊಮ್ಮೆ ನನಗೂ ನಂಬಿಕೆ ಬರುತ್ತಿತ್ತು. ಇರಬಹುದು, ಬೈಕಿನದೇ ಇರಬಹುದು ಅನ್ನಿಸುತ್ತಿತ್ತು.

ಅವ್ವನ ಮಾತಿಗೆ ಅವನನ್ನು ಚಿಗಟೇರಿಯಲ್ಲಿ ಎಲುಬು ನೋಡುವ ಹಿರಿಯರೊಬ್ಬರ ಹತ್ತಿರ ಕರೆದುಕೊಂಡು ಹೋದವನೂ ನಾನೇ. ಅವರು ಭುಜವನ್ನು ಒತ್ತಿ, ಎತ್ತಿ, ತಿರುಗಿಸಿ, "ಕೈಗೇನೂ ಆಗಿಲ್ಲಪ್ಪ," ಎಂದರು. ತಮ್ಮ ಒಪ್ಪಲಿಲ್ಲ. "ಒಳಗ ಏನೋ ಆಗೈತ್ರಿ, ನನಗ ಗೊತ್ತಾಗತೈತಿ," ಎಂದ. ಅವರು ಅವನ ಸಮಾಧಾನಕ್ಕೆ ಒಂದು ಎಣ್ಣೆ ಕೊಟ್ಟರು. ಅದನ್ನು ದಿನಾ ಸಂಜೆ ಅವನ ಭುಜಕ್ಕೆ ತಿಕ್ಕಿದವನು ನಾನು. ಗಟ್ಟಿಯಾದ, ನೋವಿಲ್ಲದ ಭುಜ ಅದು. ನನ್ನ ಕೈಯಡಿಯಲ್ಲಿ ಅದು ಸರಿಯಾಗಿಯೇ ಹೊರಳುತ್ತಿತ್ತು.

"ತುಟಿ ಬಿಗಿ ಹಿಡಿ" ಎಂಬ ಒಂದು ಮಾತು ಸಾಕಾಗಿತ್ತು. ಅದನ್ನು ಹೇಳಿದರೆ ಹರಪನಹಳ್ಳಿಯವರಿಗೆ ಹೇಗೆ ಗೊತ್ತಾಯಿತೆಂದು ಅವನು ಕೇಳುತ್ತಿದ್ದ. ಆ ಭಯ ಒಂದು ಕಾರಣ. ಆದರೆ ಅದೊಂದೇ ಕಾರಣವಲ್ಲ, ಇನ್ನೊಂದನ್ನು ಬರೆಯಲು ಕೈ ತಡೆಯುತ್ತದೆ. ಟೀಮಿನವರು ಹೊರಗೆ ಕೂರಿಸಿದ ಮೇಲೆ ತಮ್ಮ ಮತ್ತೆ ನನ್ನ ಜೊತೆ ಕುರಿಗೆ ಬರತೊಡಗಿದ್ದ. ಚಿಕ್ಕವನಿದ್ದಾಗಿನ ಹಾಗೆ ಒಂದೇ ಬುತ್ತಿ ಬಿಚ್ಚಿ ತಿನ್ನುತ್ತಿದ್ದೆವು. ಅವನಿಗೆ ನನ್ನನ್ನು ಬಿಟ್ಟು ಬೇರೆ ಜನ ಇರಲಿಲ್ಲ. ನನಗೆ ಅದು ಹಿತವಾಗಿತ್ತು.

ಇಂಥದೇ ಒಂದು ದಿನ, ಬುತ್ತಿ ಉಣ್ಣುವಾಗ, ಅವನು ಹೇಳಿದ: "ಅಣ್ಣ, ಹರಪನಹಳ್ಳಿ ಟೀಮಿನವ್ರು ಕರದಾರ."

"ನಿನ್ನನ್ನೇನು?"

"ನನಗೂ ಹಂಗ ಅನ್ನಿಸ್ತು. ನನ್ನ ತಗಂಡು ಏನ್ ಮಾಡ್ತಾರ ಅಂತ." ರೊಟ್ಟಿಯ ತುಂಡೊಂದನ್ನು ಮುರಿದುಕೊಂಡ. "ಹೋಗ್ತೀನಿ. ಅಲ್ಲೂ ಹೊಡಿಸ್ಕಂಡ್ರ ಮುಗೀತು, ಮತ್ತ ಬಾಲ್ ಮುಟ್ಟಂಗಿಲ್ಲ. ಅವ್ವನ ಆಣಿ."

ಅವನು ಆಣೆ ಇಟ್ಟರೆ ಮುರಿಯುವವನಲ್ಲ. ಬಾಲು ಮುಟ್ಟದ ನನ್ನ ತಮ್ಮ ಹೇಗಿರುತ್ತಾನೆ ಎಂದು ಯೋಚಿಸಿದೆ. ಆಗಲೂ ಹೇಳಲಿಲ್ಲ.

ಸುದ್ದಿ ಮಿರ್ಚಿ ಅಂಗಡಿಗೆ ಮುಟ್ಟಿದ ದಿನ ಕಾಕಾ ಬಾಣಲೆಯಲ್ಲಿ ಮಿರ್ಚಿ ಬಿಟ್ಟು ಹೊರಗೆ ಬಂದು ನಿಂತುಬಿಟ್ಟ. ವ್ಯಾಪಾರಿ ಬೆಂಚಿನ ಮೇಲೆ ಆರಾಮಾಗಿ ಕೂತಿದ್ದರು.

"ಏನ್ರೀ, ನಮ್ಮ ಹುಡುಗನ್ನ ಒಯ್ದು ಏನ್ ಮಾಡ್ತೀರಿ? ಬಾಲ್ ಹಾಕಸ್ತೀರೋ, ನೀರು ಹೊರಸ್ತೀರೋ?"

"ನಿಮಗೆ ಬೇಡಾಗಿದ್ದ, ನಮಗೆ ಬೇಕು. ಅದರಾಗೆ ನಿಮಗೇನು ಉರಿ ಕಾಕಾ?"

"ಬ್ಯಾಡಾಗಿಲ್ಲ! ರೆಸ್ಟ್ ಕೊಟ್ಟೀವಿ!"

"ಆಹಾ, ರೆಸ್ಟು. ಗೆರೆಯಿಂದ ಆಚೆ ಒಂದು ಬೇಸಿಗೆ ರೆಸ್ಟು."

ಟೆಂಪೊ ಡ್ರೈವರ್ ನಕ್ಕ. ಕಾಕಾ ಅವನ ಕಡೆ ಜಾಲರಿ ಸೌಟು ತೋರಿಸಿ, ಮತ್ತೆ ವ್ಯಾಪಾರಿಯ ಮೇಲೆ ಬಿದ್ದ. ಹರಪನಹಳ್ಳಿ ಬಳ್ಳಾರಿ ಜಿಲ್ಲೆ ಬಿಟ್ಟು ದಾವಣಗೆರೆ ಜಿಲ್ಲೆಗೆ ಸೇರಿದ ಹೊಸತು ಅದು; ಕೊಟ್ಟೂರು ಆಗಿನ್ನೂ ಕೂಡ್ಲಿಗಿ ತಾಲ್ಲೂಕಿನಲ್ಲೇ ಇತ್ತು.

"ಜಿಲ್ಲಾನ ಬಿಟ್ಟು ಹೋದ ಮಂದಿ ನೀವು. ಪಾರ್ಟಿ ಬದಲಿ ಮಾಡೋದು ನಿಮಗ ರೂಢಿ. ಈಗ ನಮ್ಮ ಹುಡುಗಗೂ ಕಲಸ್ತೀರಿ."

"ಹೋದ್ವಿ, ಹೋಗಿ ಜಿಲ್ಲೆ ಆಸ್ಪತ್ರೆ ಹತ್ರ ಆತು. ನೀವು ಇನ್ನೂ ಕೂಡ್ಲಿಗಿ ತಾಲ್ಲೂಕಾಫೀಸಿಗೆ ಬಸ್ ಕಾಯ್ತಾ ನಿಂತೀರಿ!"

ಅಂಗಡಿ ಪೂರ್ತಿ ನಕ್ಕಿತು. ಮಿರ್ಚಿ ಕಪ್ಪಾಗುತ್ತಿರುವ ವಾಸನೆ ಬಂತು, ಕಾಕಾ ಒಳಗೆ ಓಡಿದ. ಅಲ್ಲಿಂದಲೇ ಕೂಗಿ ಕೇಳಿದ: "ಆದ್ರ ಒಂದ್ ಮಾತು ಖರೇ ಹೇಳ್ರಿ. ಅವನ್ನ ಹೆಚ್ಚು ಹೊಡದವ್ರು ನೀವು. ಹೊಡದವ್ರೇ ಯಾಕ ಕರೀತೀರಿ?"

ಬಹಳ ಒಳ್ಳೆಯ ಪ್ರಶ್ನೆ ಅದು. ಅಷ್ಟು ದಿನದ ಚರ್ಚೆಯಲ್ಲಿ ಯಾರೂ ಅಷ್ಟು ಹತ್ತಿರ ಬಂದಿರಲಿಲ್ಲ. ವ್ಯಾಪಾರಿ ನನ್ನ ಕಡೆ ನೋಡಲಿಲ್ಲ. "ಹೊಡೆದೋರಿಗೇ ಗೊತ್ತಿರ್ತೈತೆ ಕಾಕಾ, ಬಾಲ್ ಎಂಥದು ಅಂತ," ಎಂದರು.

"ನೋಡಪ್ಪಾ, ನಿನ್ನ ತಮ್ಮಗ ಬುದ್ಧಿ ಹೇಳು," ಎಂದ ಕಾಕಾ ನನಗೆ. "ಅಲ್ಲಿ ಅವನ್ನ ಹಾಳ್ ಮಾಡ್ತಾರ." ಅವನ ಕಣ್ಣಲ್ಲಿ ನೀರಿತ್ತು. ಹೊಗೆಯಿಂದಲೇ ಇರಬಹುದು.

ಹರಪನಹಳ್ಳಿಯ ಟೀಮಿಗೆ ತಮ್ಮ ಆಡಿದ ಮೊದಲ ಮ್ಯಾಚು ಹಗರಿಬೊಮ್ಮನಹಳ್ಳಿಯಲ್ಲಿ, ಅದೂ ಕೊಟ್ಟೂರಿನ ಎದುರಿಗೆ. ಕಾಕಾ ಅಂಗಡಿ ಮುಚ್ಚಿ ಬಂದಿದ್ದ. ತಮ್ಮನ ಕೈಗೆ ಬಾಲು ಕೊಟ್ಟಾಗ ಕೊಟ್ಟೂರಿನವರು ಕೂಗಿ ಗೇಲಿ ಮಾಡಿದರು. ನಾನು ಎಂದಿನಂತೆ ಅವನ ಬಾಯಿ ನೋಡಿದೆ. ಅವನು ಏನನ್ನೋ ಅಗಿಯುತ್ತಿದ್ದ. ಓಡುವಾಗಲೂ ಅಗಿಯುತ್ತಿದ್ದ, ನಿಂತಾಗಲೂ ಅಗಿಯುತ್ತಿದ್ದ. ತುಟಿ ಎಲ್ಲಾ ಬಾಲಿಗೂ ಆಡುತ್ತಲೇ ಇತ್ತು. ಇವರಿಗೆ ಗೊತ್ತಿದ್ದದ್ದನ್ನು ಇವರು ಅವನಿಗೆ ಹೇಳಿದ್ದಾರೆ ಎಂದು ನನಗೆ ಆ ಕ್ಷಣವೇ ತಿಳಿಯಿತು.

ಸ್ಲೋ ಬಾಲು ಬಂತು. ಕೊಟ್ಟೂರಿನ ಹುಡುಗ ಬ್ಯಾಟು ಬೀಸಿ, ಬಾಲು ಎಲ್ಲಿ ಹೋಯಿತೆಂದು ಆಕಾಶ ನೋಡಿದ. ಅದು ಇನ್ನೂ ಬಂದಿರಲಿಲ್ಲ. ಬಂದು ನಡು ಸ್ಟಂಪನ್ನು ಉರುಳಿಸಿತು. ಕಾಕಾ "ಶಾಬಾಸ್!" ಎಂದು ಎದ್ದು ನಿಂತು, ತಾನು ಯಾವ ಪಾರ್ಟಿಯವನೆಂದು ನೆನಪಾಗಿ ಕೂತುಬಿಟ್ಟ. ಮ್ಯಾಚು ಮುಗಿಯುವಷ್ಟರಲ್ಲಿ ನನ್ನ ತಮ್ಮ ಮತ್ತೆ ಹಳೆಯ ನನ್ನ ತಮ್ಮನಾಗಿದ್ದ.

ಅವನು ಜನರನ್ನು ಬಿಡಿಸಿಕೊಂಡು ನೇರ ನನ್ನ ಹತ್ತಿರ ಓಡಿ ಬಂದ.

"ಅಣ್ಣ, ಭುಜ ಅಲ್ಲ! ತುಟಿ! ಸ್ಲೋ ಬಾಲಿಗೆ ನಾ ಹುರ್ರ್ ಅಂತಿದ್ನಂತ! ನಾ ಅಲ್ಲಿಗೆ ಹೋದ ದಿನಾನ, ನಾಕ್ ಬಾಲ್ ಹಾಕಿಸಿ ನೋಡಿ, ಕ್ಯಾಪ್ಟನ್ ಹೇಳಿದ. ಬಬಲ್ ಗಮ್ ಕೊಟ್ಟು, ಅಗಕೋತ ಆಡು ಅಂದ. ಎಂಥಾ ಕಣ್ಣದಾವಣ್ಣ ಆ ಮಂದೀವು! ಕೊಟ್ಟೂರಿನವ್ರು ಒಬ್ರರ ನೋಡಿದ್ರೇನು?" ಉಸಿರು ತಗೊಂಡು, ನಗುತ್ತಲೇ ಕೇಳಿದ: "ನಿನಗ ಗೊತ್ತಾಗಲಿಲ್ಲೇನಣ್ಣ? ಕುರಿ ಹಿಂದ ನನ್ನ ಜೋಡಿ ಇದ್ದಾವ ನೀನು."

ನನಗೆ ಏನೂ ತಿಳಿಯದು ಎಂದು ಯಾರೋ ನಕ್ಕರೆಂದು ನಾನು ಆ ಗುಟ್ಟನ್ನು ಬಿಟ್ಟುಕೊಟ್ಟಿದ್ದೆ. ಈಗ ನನ್ನ ತಮ್ಮ, ನನಗೆ ತಿಳಿದಿರಬೇಕು ಎಂದು ನಂಬಿ ಕೇಳುತ್ತಿದ್ದ.

"ಇಲ್ಲ," ಎಂದೆ.

ಅವನು ನನ್ನ ಬೆನ್ನಿಗೆ ಒಂದು ಪೆಟ್ಟು ಕೊಟ್ಟು, "ಏ ಹೋಗಣ್ಣ," ಎಂದು ಟೀಮಿನವರ ಕಡೆ ಓಡಿದ.

ಆ ಟೀಮಿನಲ್ಲಿ ಅವನು ಬಹಳ ವರ್ಷ ಆಡಿದ. ಆ ಊರಿನ ಸ್ನೇಹದಿಂದಲೇ ಅಲ್ಲಿಯ ಶಾಲೆಯೊಂದರಲ್ಲಿ ಆಟದ ಮೇಷ್ಟ್ರಾದ, ಅಲ್ಲಿಯ ಹುಡುಗಿಯನ್ನೇ ಮದುವೆಯಾದ. ವ್ಯಾಪಾರಿ ಒಮ್ಮೆ ಸಂತೆಯಲ್ಲಿ ಒಬ್ಬರೇ ಸಿಕ್ಕಾಗ ನಾನು ಕೇಳಿದೆ, "ಸಾವ್ಕಾರ್ರ, ಹೇಳಿದಾವ ನಾನು ಅಂತ ಅವಗ ನೀವು ಯಾಕ ಹೇಳಲಿಲ್ಲ?"

"ಹೇಳಿದ್ರೆ ಉಳೀತಿದ್ನಾ ನಮ್ಮ ಟೀಮಲ್ಲಿ? ಕೆಡಿಸಿದೋರೂ ನಾವೇ ಅಂತ ಗೊತ್ತಾಗ್ತಿತ್ತಲ್ಲ." ಟಗರಿನ ಬಾಯಿ ತೆಗೆದು ಹಲ್ಲು ನೋಡುತ್ತಾ ಅವರೂ ಕೇಳಿದರು, "ನೀನ್ಯಾಕೆ ಹೇಳಲಿಲ್ಲ?"

ಆ ಹೊತ್ತಿಗೆ ನನಗೆ ಒಂದು ಹೊಸ ನೆಪ ಸಿಕ್ಕಿತ್ತು. ಯಾರೇ ಕೇಳಿದರೂ ತಮ್ಮ ಒಂದು ಮಾತು ಹೇಳುತ್ತಿದ್ದ: "ನಮ್ಮವ್ರೇ ಕೈಬಿಟ್ಟಾಗ ಹರಪನಹಳ್ಳಿಯವ್ರು ನಂಬಿ ಕರದ್ರು." ಅವನ ನಡಿಗೆಯಲ್ಲಿ ಆ ಮಾತಿತ್ತು. ನಿಜ ಹೇಳಿದರೆ ಅದನ್ನು ಅವನಿಂದ ಕಿತ್ತುಕೊಂಡಂತೆ ಆಗುತ್ತದೆ, ಅವನ ಸಲುವಾಗಿಯೇ ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಕೆಟ್ಟದ್ದರಿಂದ ಒಳ್ಳೆಯದೇ ಆಯಿತಲ್ಲ ಎಂದೂ ಲೆಕ್ಕ ಹಾಕಿದೆ. ಲೆಕ್ಕ ಸರಿಯಾಗಿಯೇ ಇತ್ತು. ಆದರೂ ಅವನು ಎದುರಿಗೆ ಬಂದು ಕೂತರೆ ನನಗೆ ಅವನ ಬಾಯಿ ನೋಡಲು ಆಗುತ್ತಿರಲಿಲ್ಲ.

ಕೊನೆಗೆ ಹೇಳಿದೆ. ಅವನು ಹೆಂಡತಿ ಮಕ್ಕಳ ಜೊತೆ ಊರಿಗೆ ಬಂದಿದ್ದ. ಮಧ್ಯಾಹ್ನ ಒಬ್ಬನೇ ಕುರಿ ಇದ್ದ ಕಡೆ ಬಂದ. ಬೇರೆ ಏನೋ ಮಾತಾಡುತ್ತಿದ್ದವನನ್ನು ತಡೆದು ಎಲ್ಲಾ ಹೇಳಿದೆ. ಮಿರ್ಚಿ ಅಂಗಡಿ, ಟೆಂಪೊದ ಬಾಗಿಲು, ತುಟಿ ಮಾಡಿ ತೋರಿಸಿದ್ದು, ಎಣ್ಣೆ ತಿಕ್ಕುವಾಗ ಗೊತ್ತಿದ್ದದ್ದು, ಅವನು ಮನೆಯಲ್ಲಿದ್ದದ್ದು ನನಗೆ ಹಿತವಾಗಿದ್ದದ್ದು.

ಅವನು ಕೂತಲ್ಲೇ ನೆಲ ನೋಡುತ್ತಾ ಕೇಳಿದ. ನಂತರ ಒಮ್ಮೆ ನಕ್ಕ. "ಅಂದ್ರ ನಂಬಿ ಕರೀಲಿಲ್ಲ ಅವ್ರು. ಗೊತ್ತಿತ್ತು, ಕರದ್ರು."

"ಹೂಂ."

"ಇರಲಿ. ಬಾಯಿಗೆ ಬಂತು, ಅಂದಿ. ಸಾವ್ಕಾರ ಕೆಣಕಿದ್ರ ನಾನರ ಸುಮ್ನಿರ್ತಿದ್ನೇನು." ಎದ್ದು ಪಂಚೆ ಝಾಡಿಸಿಕೊಂಡ ಮೇಲೆ ಹೇಳಿದ: "ಮ್ಯಾಚ್ ಗೆದ್ದು ಬಂದು ಕೇಳಿದ್ನಲ್ಲ. ಅವತ್ತು ಇಲ್ಲ ಅಂದ್ಯಲ್ಲ. ಅದೊಂದು ಬ್ಯಾಡಾಗಿತ್ತಣ್ಣ."

ಅವನು ಬರುವುದು ಬಿಟ್ಟಿಲ್ಲ. ನನ್ನ ಮಗಳ ಮದುವೆಯಲ್ಲಿ ಎಲ್ಲರಿಗಿಂತ ಹೆಚ್ಚು ಓಡಾಡಿದವನು ಅವನೇ. ಬಂದಾಗ ಇಬ್ಬರೂ ಕೂತು ಟೀವಿಯಲ್ಲಿ ಮ್ಯಾಚು ನೋಡುತ್ತೇವೆ. ಮೊದಲೆಲ್ಲ ಬೌಲರ್ ಓಡಿ ಬರುವಾಗ ನನ್ನ ತೊಡೆ ತಟ್ಟಿ, "ಇವ ಏನ್ ಹಾಕ್ತಾನ ಹೇಳಣ್ಣ ನೋಡಾಣ," ಎನ್ನುತ್ತಿದ್ದ. ಈಗ ಅದನ್ನು ಕೇಳುವುದಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ, ನನಗೆ ಸಾಮಾನ್ಯವಾಗಿ ತಿಳಿಯುತ್ತದೆ. ಅವನು ಪರದೆ ನೋಡುತ್ತಾನೆ, ನಾನೂ ನೋಡುತ್ತೇನೆ, ಬಾಲು ಬಂದ ಮೇಲೆ ಇಬ್ಬರಿಗೂ ಒಟ್ಟಿಗೆ ಗೊತ್ತಾಗುತ್ತದೆ.